ತಾಮ್ರದ ಕೊಳವೆಗೆ ಕೊಟ್ಟ ಕಿವಿ

ಶೆಡ್ಡಿನ ಹೊರಗೆ ಗಾಡಿ ಬಂದು ನಿಂತ ಸದ್ದಿಗೇ ರೋಗ ಯಾವುದೆಂದು ಹೇಳುತ್ತಿದ್ದ ಕಾಲವೊಂದಿತ್ತು. ಗಿರಾಕಿ ಇನ್ನೂ ಬಾಗಿಲು ತೆಗೆದು ಇಳಿದಿರುತ್ತಿರಲಿಲ್ಲ, ಒಳಗಿನಿಂದಲೇ ಮೇಸ್ತ್ರಿ ಕೂಗುತ್ತಿದ್ದರು, "ಮೂರನೇ ಸಿಲಿಂಡರ್ ಟ್ಯಾಪೆಟ್ ಸಡಿಲ ಆಗಿದೆ, ಆಫ್ ಮಾಡಿ!" ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವುದು ಅವರ ಪದ್ಧತಿ. ಹಾಗೆ ನಿಂತಾಗ ಯಾರಾದರೂ ಮಾತಾಡಿದರೆ ಬೈಗುಳ ಖಂಡಿತ. ರಿಪೇರಿ ಬೀದಿಯ ಹದಿನೇಳು ಶೆಡ್ಡುಗಳಲ್ಲೂ ಅವರಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಆ ಹೆಸರಿಟ್ಟವನು ಎದುರಿನ ಲೇತ್ ಅಂಗಡಿಯವನು, ಮೂವತ್ತೊಂದು ವರ್ಷದ ಗೆಳೆಯ. "ದೇವ್ರು ನಮಗೆಲ್ಲ ಮೈ ಮಾಡಿ ಕಿವಿ ಅಂಟಿಸ್ದ. ಇವನಿಗೆ ಕಿವಿ ಮಾಡಿ, ಮಿಕ್ಕಿದ್ದನ್ನ ಆಮೇಲೆ ಅಂಟಿಸ್ದ" ಎಂಬುದು ಅವನ ವ್ಯಾಖ್ಯಾನ.

ಈಗ ಮೇಸ್ತ್ರಿಗೆ ಅರವತ್ತೆರಡು. ಅದೇ ಶೆಡ್ಡಿನ ಹಿಂಬದಿಯ ಬೆಂಚಿನಲ್ಲಿ ಕೂತು ವಾಲ್ವ್ ಉಜ್ಜುತ್ತಾರೆ, ಅಂಟಿಕೊಂಡ ಹಳೆಯ ಗ್ಯಾಸ್ಕೆಟ್ ಕೆರೆಯುತ್ತಾರೆ. ಗಿರಾಕಿಗಳ ಎದುರು ಬರುವುದಿಲ್ಲ. ಇದಕ್ಕೆ ಕಾರಣ, ಎರಡು ವರ್ಷದ ಹಿಂದೆ ಒಂದು ಪ್ರಶ್ನೆಗೆ ಅವರು ಕೊಟ್ಟ ಉತ್ತರ. ಇದ್ದ ಇಂಜಿನ್ನನ್ನೇ ಗಟ್ಟಿಮಾಡಿ ಅದಕ್ಕೆ ಟರ್ಬೊ ಕಟ್ಟುವುದೋ, ಟರ್ಬೊ ಸಮೇತ ಬರುವ ಬೇರೆ ಇಂಜಿನ್ ತಂದು ಕೂರಿಸುವುದೋ? ಪ್ರಶ್ನೆ ಇಷ್ಟೇ. ಆ ಗಾಡಿ ಓಡಿಸಬೇಕಾಗಿದ್ದವನು ಅವರ ಅಳಿಯ.

ಶೆಡ್ಡಿನ ಮೇಲೆಯೇ ಮನೆ. ಕಬ್ಬಿಣದ ಮೆಟ್ಟಿಲು, ಎರಡು ಕೋಣೆ, ಒಂದು ಅಡುಗೆಮನೆ. ಕೆಳಗೆ ಇಂಜಿನ್ ಶುರುವಾದರೆ ಮೇಲೆ ಕಪಾಟಿನ ಲೋಟಗಳು ಒಂದಕ್ಕೊಂದು ತಾಗುತ್ತವೆ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ಮೂವರು: ಮೇಸ್ತ್ರಿ, ಮಗಳು, ಅಳಿಯ. ಮಗಳದು ವೈರಿಂಗ್ ಕೆಲಸ. ಬೀದಿಯ ಅರ್ಧ ಗಾಡಿಗಳ ತಂತಿ ಅವಳ ಕೈಯಲ್ಲೇ ಹಾದುಹೋಗಿದೆ. ಅಳಿಯ ಮದುವೆಗೆ ಮುಂಚೆ ಇದೇ ಶೆಡ್ಡಿಗೆ ಕೆಲಸಕ್ಕೆ ಬಂದವನು. ಅದಕ್ಕೇ ಮೇಸ್ತ್ರಿಯದು ಅವನಿಗೆ ಏಕವಚನ. ಸಿಟ್ಟು ಬಂದಾಗ ಮಾತ್ರ "ಅಳಿಯಂದಿರು" ಎಂದು ಬಹುವಚನ ಶುರುವಾಗುತ್ತಿತ್ತು. ಮೇಸ್ತ್ರಿ ಮರ್ಯಾದೆ ಕೊಟ್ಟರೆ ಹುಷಾರಾಗಿರಬೇಕು ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಊರಾಚೆಯ ಗುಡ್ಡದ ರಸ್ತೆಯಲ್ಲಿ ಮೋಟಾರು ಕ್ಲಬ್ಬಿನವರು ವರ್ಷಕ್ಕೊಮ್ಮೆ ಓಟ ನಡೆಸುತ್ತಾರೆ. ಹನ್ನೊಂದು ತಿರುವು, ಸುಮಾರು ನಾಲ್ಕು ಕಿಲೋಮೀಟರ್ ಏರು. ಒಂದೊಂದೇ ಗಾಡಿ ಹತ್ತುತ್ತದೆ, ಗಡಿಯಾರ ನೋಡಿ ಗೆದ್ದವರು ಯಾರೆಂದು ಹೇಳುತ್ತಾರೆ. ಶೆಡ್ಡಿನ ಹಳೆಯ ಬಿಳಿ ಕಾರಿನಲ್ಲಿ ಅಳಿಯ ಐದು ವರ್ಷ ಓಡಿಸಿದ. ಅದರ ಇಂಜಿನ್ ಮೇಸ್ತ್ರಿ ಕೈಯಲ್ಲೇ ಮೂರು ಸಲ ಬಿಚ್ಚಿ ಕಟ್ಟಿದ್ದು. ಎರಡು ವರ್ಷ ಗೆದ್ದರು. ಐದನೆಯ ವರ್ಷ ಟರ್ಬೊ ಇದ್ದ ಕಾರೊಂದು ಸೆಕೆಂಡಿನ ಹತ್ತರಲ್ಲಿ ಒಂಬತ್ತು ಭಾಗದಿಂದ ಅವರನ್ನು ಹಿಂದಿಕ್ಕಿತು.

ಮಾರನೆಯ ದಿನ ಊಟದ ಹೊತ್ತಿಗೆ ಮಾತು ಶುರುವಾಯಿತು.

"ಮಾವ, ಗಾಳಿ ಬಂದಾಗ ತೂರ್ಕೋಬೇಕು ಅನ್ನೋದು ಹಳೇ ಕಾಲ. ಈಗ ಗಾಳಿ ನಾವೇ ತುಂಬಬೇಕು" ಎಂದ ಅಳಿಯ.

"ತುಂಬು. ಬಲೂನಿಗೂ ತುಂಬ್ತಾರೆ. ಎಲ್ಲಿವರೆಗೆ ಅಂತ ಗೊತ್ತಿರಬೇಕು ಅಷ್ಟೆ."

ಟರ್ಬೊ ಎಂಬುದು ಇಂಜಿನ್ನಿನಿಂದ ಹೊರಬೀಳುವ ಬಿಸಿಹೊಗೆಯ ರಭಸಕ್ಕೆ ತಿರುಗುವ ಸಣ್ಣ ಚಕ್ರ. ಅದು ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಬಲ. ಆ ಒತ್ತಡವನ್ನು ಲೆಕ್ಕ ಹಾಕದೆ ಮಾಡಿದ ಇಂಜಿನ್ ಅದನ್ನು ತಡೆಯುವುದಿಲ್ಲ. ಆದ್ದರಿಂದ ದಾರಿ ಎರಡೇ. ಹಳೆಯದನ್ನು ಬಿಚ್ಚಿ, ಗಟ್ಟಿ ಪಿಸ್ಟನ್, ಗಟ್ಟಿ ರಾಡು ಹಾಕಿ ಕಟ್ಟಬೇಕು. ಇಲ್ಲವೆ, ಹುಟ್ಟುವಾಗಲೇ ಟರ್ಬೊ ಹೊತ್ತು ಹುಟ್ಟಿದ ಇಂಜಿನ್ನನ್ನು ತರಬೇಕು.

ಅಂಥದೊಂದು ಇಂಜಿನ್ ಗುಜರಿ ಅಂಗಡಿಯಲ್ಲಿತ್ತು. ಹಿಂದಿನಿಂದ ಲಾರಿ ಗುದ್ದಿ ನಜ್ಜಾದ ಕಾರಿನದು. ಮುಂಭಾಗಕ್ಕೆ ಗೀರೂ ಆಗಿರಲಿಲ್ಲ. ಮೂವರೂ ಹೋಗಿ ನೋಡಿದರು. ಮರದ ಹಲಗೆಯ ಮೇಲೆ, ತಂತಿಗಳನ್ನು ಮೈಮೇಲೆ ಹೊದ್ದುಕೊಂಡು ಕೂತಿತ್ತು. ಮಗಳು ಬಗ್ಗಿ ಒಂದೊಂದೇ ತಂತಿಯ ತುದಿ ನೋಡಿ, "ಎಲ್ಲಾ ಇದೆ, ಒಂದೂ ಕತ್ತರಿಸಿಲ್ಲ" ಎಂದಳು.

"ಕಂಪನಿಯೋರೇ ಟರ್ಬೊಗೆ ಅಂತ ಮಾಡಿರೋದು ಮಾವ. ಪಿಸ್ಟನ್ ಕೆಳಗೆ ಎಣ್ಣೆ ಚಿಮ್ಮಿಸೋಕೆ ನಳಿಕೆ ಇದೆ. ಇಲ್ಲಿ ನೋಡಿ, ನಾಕ್ ಸೆನ್ಸರ್." ಅಳಿಯ ಬೆರಳಿಟ್ಟು ತೋರಿಸಿದ್ದು ಬ್ಲಾಕಿನ ಪಕ್ಕಕ್ಕೆ ಒಂದೇ ಬೋಲ್ಟಿನಿಂದ ಬಿಗಿದಿದ್ದ, ನಾಣ್ಯದಷ್ಟು ಅಗಲದ ಕಪ್ಪು ಬಿಲ್ಲೆ. "ಒಳಗೆ ನಾಕಿಂಗ್ ಆದ್ರೆ ಇದೇ ಕೇಳಿಸ್ಕೊಳ್ಳುತ್ತೆ, ಕಂಪ್ಯೂಟರಿಗೆ ಹೇಳುತ್ತೆ, ಕಿಡಿ ತಾನಾಗೇ ಹಿಂದಕ್ಕೆ ಬರುತ್ತೆ. ನಾವು ಆರಾಮಾಗಿ ನಿದ್ದೆ ಮಾಡಬಹುದು."

"ಹಾಗಾದ್ರೆ ನಾನು ಯಾಕೆ?" ಎಂದರು ಮೇಸ್ತ್ರಿ.

ಅಳಿಯ ನಕ್ಕ. ಮೇಸ್ತ್ರಿ ನಗಲಿಲ್ಲ.

ನಾಕಿಂಗ್ ಎಂದರೆ ಪೆಟ್ರೋಲು ತನ್ನ ಸರದಿಗೆ ಕಾಯದೆ ಸಿಡಿಯುವುದು. ಸಾಮಾನ್ಯ ಇಂಜಿನ್ನಿನಲ್ಲಿ ಅದೊಂದು ಕಿರಿಕಿರಿ. ಟರ್ಬೊ ಇಂಜಿನ್ನಿನಲ್ಲಿ ಪಿಸ್ಟನ್ನಿನ ಸಾವು. ಸದ್ದು ಮಾತ್ರ ಬಹಳ ಸಣ್ಣದು, ತಗಡಿನ ಡಬ್ಬಿಯಲ್ಲಿ ನಾಲ್ಕು ಗಾಜಿನ ಮಣಿ ಅಲ್ಲಾಡಿಸಿದಷ್ಟು. ಇಂಜಿನ್ನಿನ ಅಬ್ಬರದಡಿ ಅದನ್ನು ಹೆಕ್ಕಿ ಕೇಳುವವರು ಬೀದಿಯಲ್ಲಿ ಒಬ್ಬರೇ ಇದ್ದರು. ಹಳೆಯ ಇಂಜಿನ್ನಿಗೆ ಸೆನ್ಸರ್ ಇರಲಿಲ್ಲ. ಅದಕ್ಕೆ ಟರ್ಬೊ ಕಟ್ಟಿದರೆ, ಕೇಳಬೇಕಾದವರು ಮೇಸ್ತ್ರಿಯೇ.

ಗುಜರಿಯಿಂದ ಮರಳುವ ದಾರಿಯಲ್ಲಿ ಅವರು ತಮ್ಮ ವಾದವನ್ನು ಸಾವಧಾನವಾಗಿ ಹೇಳಿದರು. ಆ ಇಂಜಿನ್ ಕೂರಿಸಲು ಕಾರಿನ ಚೌಕಟ್ಟು ಕತ್ತರಿಸಬೇಕು. ಗೇರುಪೆಟ್ಟಿಗೆ ಹೊಂದುವುದಿಲ್ಲ. ಮೂತಿಗೆ ನಲವತ್ತು ಕಿಲೋ ಹೆಚ್ಚು ಭಾರ ಬೀಳುತ್ತದೆ, ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ. "ಎಲ್ಲಕ್ಕಿಂತ ಹೆಚ್ಚಾಗಿ, ಅದ್ರೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ಎಣ್ಣೆ ಬದಲಾಯಿಸಿದ್ರೋ ಇಲ್ವೋ, ಬಿಸಿ ಆಗಿತ್ತೋ ಏನೋ. ಹೊರಗೆ ಥಳಕು, ಒಳಗೆ ಹುಳುಕು. ನಮ್ಮದಾದ್ರೆ ಪ್ರತಿ ಬೋಲ್ಟಿನ ಜಾತಕ ನನಗೆ ಗೊತ್ತು."

ಅವರು ಹೇಳಿದ ಒಂದೊಂದು ಮಾತೂ ನಿಜವೇ ಆಗಿತ್ತು. ಹೇಳದೆ ಬಿಟ್ಟದ್ದು ಒಂದು.

ಅದಕ್ಕೂ ಆರು ತಿಂಗಳ ಮುಂಚೆ ಅವರಿಗೆ ಜ್ವರ ಬಂದಿತ್ತು. ಮಗಳು ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟು, "ಬೀಪ್ ಅಂದ ತಕ್ಷಣ ಕರಿ ಅಪ್ಪ" ಎಂದು ಒಳಗೆ ಹೋದಳು. ಹದಿನೈದು ನಿಮಿಷವಾದರೂ ಕರೆಯಲಿಲ್ಲ. ಬಂದು ನೋಡಿದರೆ, ಅಪ್ಪ ಬಾಯಿ ಮುಚ್ಚಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ಕೂರಿಸಿದ ಹುಡುಗನ ಹಾಗೆ ನೆಟ್ಟಗೆ ಕೂತಿದ್ದಾರೆ. ಥರ್ಮಾಮೀಟರ್ ಕೂಗಿ, ಕಾದು, ತಾನೇ ಆರಿಹೋಗಿತ್ತು.

"ಬ್ಯಾಟರಿ ಹೋಗಿರಬೇಕು" ಎಂದರು.

ಅವಳು ಅದನ್ನು ಮತ್ತೆ ಶುರುಮಾಡಿ ಅವರ ಕಿವಿಯ ಹತ್ತಿರ ಹಿಡಿದಳು. ಕೂಗಿತು. ಅಪ್ಪನ ಕಣ್ಣು ಅಲುಗಲಿಲ್ಲ. ಇನ್ನೊಂದು ಕಿವಿಗೆ ಹಿಡಿದಳು. ಆಗಲೂ ಇಲ್ಲ. ಅವಳ ಮುಖ ನೋಡಿ ಅವರಿಗೆ ಗೊತ್ತಾಯಿತು.

"ಎಷ್ಟು ದಿನದಿಂದ?"

"ಕೇಳ್ಸುತ್ತೆ ಕಣೇ. ನೀನು ಮಾತಾಡೋದು ಕೇಳ್ಸುತ್ತೆ, ಇಂಜಿನ್ ಕೇಳ್ಸುತ್ತೆ. ಈ ಸಣ್ಣ ಸಣ್ಣ ಕೀಚಲು ಮಾತ್ರ..." ನಿಲ್ಲಿಸಿ, "ಅವನಿಗೆ ಹೇಳ್ಬೇಡ" ಎಂದರು.

ಅವಳು ಹೇಳಲಿಲ್ಲ. ಮನೆಯಲ್ಲಿ ಕರೆದಾಗ ಮೇಸ್ತ್ರಿ ಓಗೊಡದಿದ್ದರೆ ಅಳಿಯ, "ಮಾವಂದು ಜಾಣಕಿವುಡು, ತಮಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ" ಎಂದು ತಮಾಷೆ ಮಾಡುತ್ತಿದ್ದ. ಮೇಸ್ತ್ರಿ ಆ ತಮಾಷೆಯನ್ನು ಒಪ್ಪಿಕೊಂಡು ನಗುತ್ತಿದ್ದರು. ಮಗಳು ಆಗ ಬೇರೆ ಕೋಣೆಗೆ ಹೋಗುತ್ತಿದ್ದಳು.

ಗುಜರಿಯಿಂದ ಬಂದ ಸಂಜೆ ಅಡುಗೆಮನೆಯಲ್ಲಿ ಅವಳು ಮೆಲ್ಲಗೆ ಕೇಳಿದಳು, "ಅಪ್ಪ, ಆ ಸೆನ್ಸರ್ ಇರೋ ಇಂಜಿನ್ನೇ ತರಬಹುದಲ್ವಾ?"

"ನಲವತ್ತು ವರ್ಷ ಕೇಳಿದೀನಿ. ಕಿವೀಲಿ ಕೇಳಿಸದಿದ್ರೆ ಎಲುಬಲ್ಲಿ ಕೇಳ್ಸುತ್ತೆ."

"ಓಡಿಸೋದು ಅವರು."

"ನನ್ನ ಅಳಿಯ ಅಂತ ನನಗೆ ಗೊತ್ತಿಲ್ವಾ?"

ಅಲ್ಲಿಗೆ ತೀರ್ಮಾನವಾಯಿತು. ಅಳಿಯ ಹೆಚ್ಚು ಹಟ ಮಾಡಲಿಲ್ಲ. ಮಾವನ ಕಿವಿ ಇದ್ದರೆ ಸೆನ್ಸರ್ ಯಾಕೆ ಎಂದು ಅವನೇ ಕ್ಲಬ್ಬಿನಲ್ಲಿ ಹೇಳಿಕೊಂಡು ಬಂದ.

ಇಂಜಿನ್ ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಪಿಸ್ಟನ್ ತರಿಸಿದ್ದು, ಸಿಲಿಂಡರುಗಳ ಒಳಗೋಡೆ ಕೊರೆದು ಬೋರ್ ಮಾಡಿದ್ದು ಎದುರಿನ ಲೇತ್‌ನವನು. ಗಟ್ಟಿ ಪಿಸ್ಟನ್ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಗೋಡೆಗೂ ಅದಕ್ಕೂ ನಡುವೆ ತುಸು ಹೆಚ್ಚು ಜಾಗ ಬಿಡಬೇಕು: ಮಿಲಿಮೀಟರಿನ ನೂರರಲ್ಲಿ ಎಂಟು ಭಾಗ. ಅವನು ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಅಳೆದು, ಅಂಕಿಗಳನ್ನು ಬ್ಲಾಕಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದು ಕಳಿಸಿದ. "ಕೂದಲು ಸೀಳಿ ಕೊಟ್ಟಿದೀನಿ. ಇನ್ನು ನಿನ್ನ ಮದ್ವೆ, ನಿನ್ನ ವಾದ್ಯ."

ಮೇಸ್ತ್ರಿ ಆ ದಿನಗಳಲ್ಲಿ ಸುಖವಾಗಿದ್ದರು ಎಂದು ಮಗಳು ನೆನಪಿಸಿಕೊಳ್ಳುತ್ತಾಳೆ. ಬೆಳಗ್ಗೆ ಟೀ ಕುಡಿಯುವ ಮೊದಲೇ ಕೆಳಗಿಳಿಯುತ್ತಿದ್ದರು. ಬೇರಿಂಗ್ ಕೂರಿಸುವಾಗ ಬಾಗಿಲು ಹಾಕಿಸಿ, ನೆಲಕ್ಕೆ ನೀರು ಚಿಮುಕಿಸಿ, ದೂಳು ಕೂರುವವರೆಗೆ ಕಾಯುತ್ತಿದ್ದರು. ಆ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಬಿಚ್ಚಿ ನೋಡಿದಾಗಲೂ ಅದರಲ್ಲಿ ತಪ್ಪು ಸಿಗಲಿಲ್ಲ.

ಉಳಿದದ್ದು ಕಿಡಿ ಹಾರುವ ಗಳಿಗೆಯನ್ನು ಹೊಂದಿಸುವುದು. ಕಿಡಿ ಮುಂಚಿತವಾಗಿ ಹಾರಿದಷ್ಟೂ ಬಲ ಹೆಚ್ಚು. ತೀರ ಮುಂಚಿತವಾದರೆ ನಾಕಿಂಗ್. ಸೆನ್ಸರ್ ಇಲ್ಲದ ಇಂಜಿನ್ನಿಗೆ ಮೇಸ್ತ್ರಿ ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಗೇಣುದ್ದದ ತಾಮ್ರದ ಕೊಳವೆಯ ಒಂದು ತುದಿಯನ್ನು ಚಪ್ಪಟೆ ಮಾಡಿ ಬ್ಲಾಕಿಗೆ ಬೋಲ್ಟ್ ಹಾಕಿ ಬಿಗಿಯುವುದು; ಇನ್ನೊಂದು ತುದಿಗೆ ರಬ್ಬರ್ ಪೈಪು ಸಿಕ್ಕಿಸಿ, ಅದನ್ನು ಕಾರಿನೊಳಗೆ ತಂದು, ಕಾರ್ಖಾನೆಯವರು ಹಾಕಿಕೊಳ್ಳುವ ಕಿವಿಮುಚ್ಚುಗಕ್ಕೆ ಜೋಡಿಸುವುದು. ಅಳಿಯ ಏರುರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ಓಡಿಸಬೇಕು. ಪಕ್ಕದ ಸೀಟಿನಲ್ಲಿ ಕಿವಿ ಮುಚ್ಚಿ ಕೂತ ಮೇಸ್ತ್ರಿ ನಾಕಿಂಗ್ ಕೇಳಿದರೆ ತೋರುಬೆರಳು ಎತ್ತಬೇಕು. ಎತ್ತಲಿಲ್ಲವೆಂದರೆ ನಿಲ್ಲಿಸಿ, ಕಿಡಿಯನ್ನು ಎರಡು ಡಿಗ್ರಿ ಮುಂದಕ್ಕೆ ಸರಿಸಿ, ಮತ್ತೆ ಓಡಿಸಬೇಕು. ಬೆರಳು ಎದ್ದ ದಿನ ಅಲ್ಲಿಂದ ಮೂರು ಡಿಗ್ರಿ ಹಿಂದಕ್ಕೆ ಬಂದು ಬೀಗ ಹಾಕಬೇಕು. ಆ ಬೆರಳಿನ ಮೇಲೆ ಬೀದಿಯಲ್ಲಿ ಹತ್ತಾರು ಇಂಜಿನ್ನುಗಳು ಬದುಕಿದ್ದವು.

ಹೊರಡುವ ಮಧ್ಯಾಹ್ನ ಮಗಳು ಕಾರಿನ ಬಾಗಿಲು ಹಿಡಿದು ನಿಂತಳು. "ಇವತ್ತು ನಾನು ಕೂತ್ಕೋತೀನಿ ಅಪ್ಪ. ನಾನೇ ಕೇಳ್ತೀನಿ."

"ನಿನಗೆ ಇದು ಗೊತ್ತಾಗಲ್ಲ."

"ಹೇಳ್ಕೊಡು."

"ಹೇಳ್ಕೊಟ್ರೆ ಬರೋದಾಗಿದ್ರೆ ಇಡೀ ಬೀದಿಗೆ ಬರ್ತಿತ್ತು" ಎಂದು ಅವರು ಬಾಗಿಲು ಎಳೆದುಕೊಂಡರು. ಅಳಿಯ ಸ್ಟಿಯರಿಂಗ್ ಹಿಡಿದು ನಗುತ್ತ, "ಗುರುದಕ್ಷಿಣೆ ಇಲ್ದೆ ವಿದ್ಯೆ ಕೊಡಲ್ಲ ನಿಮ್ಮಪ್ಪ" ಎಂದ. ಅವಳು ಬಾಗಿಲಿನಿಂದ ಕೈ ತೆಗೆದಳು. ಆಗ ಇನ್ನೊಂದೇ ಮಾತು ಹೇಳಿದ್ದರೆ ಸಾಕಾಗಿತ್ತು.

ಐದು ಸಲ ಓಡಿಸಿದರು. ಮೇಸ್ತ್ರಿಯ ಕೈ ಮೊಣಕಾಲ ಮೇಲಿಂದ ಏಳಲಿಲ್ಲ. ಐದನೆಯ ಸಲ ಮುಗಿದಾಗ ಅಳಿಯನೇ ನಿಲ್ಲಿಸಿದ. "ಇಷ್ಟು ಮುಂದಕ್ಕೆ ಬಂದ್ರೂ ಏನೂ ಇಲ್ವಾ ಮಾವ? ಪ್ಲಗ್ ಬಿಚ್ಚಿ ಒಂದ್ಸಲ ನೋಡೋಣ್ವಾ?"

ನಾಕಿಂಗ್ ಆಗಿದ್ದರೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನಪುಡಿ ಎರಚಿದಂತೆ ಕಪ್ಪು ಚುಕ್ಕಿ ಬೀಳುತ್ತವೆ. ಹತ್ತು ನಿಮಿಷದ ಕೆಲಸ. ಪಾನಾ ಹಿಂದಿನ ಸೀಟಿನಲ್ಲೇ ಇತ್ತು.

"ನಾನು ಕೇಳಿದ್ಮೇಲೆ ಪ್ಲಗ್ ಯಾಕೆ ಅಳಿಯಂದಿರೇ?" ಎಂದರು ಮೇಸ್ತ್ರಿ.

ಬಹುವಚನ ಬಂದಿತ್ತು. ಅಳಿಯ ಕಿಡಿಯನ್ನು ಇದ್ದಲ್ಲಿಗೇ ಬೀಗ ಹಾಕಿ ಗಾಡಿ ಮನೆಯ ಕಡೆ ತಿರುಗಿಸಿದ.

ಓಟದ ಹಿಂದಿನ ದಿನ ಅಭ್ಯಾಸದ ಸರದಿ. ಬೆಳಗ್ಗೆ ಹತ್ತೂಕಾಲಿಗೆ ಬಿಳಿ ಕಾರು ಗುಡ್ಡ ಹತ್ತಿತು. ಆರನೆಯ ತಿರುವಿನ ಕಾವಲಿಗೆ ನಿಂತಿದ್ದವರು ಇಷ್ಟು ವೇಗವಾಗಿ ಆ ಕಾರು ಹೋದದ್ದನ್ನು ತಾವು ನೋಡಿರಲೇ ಇಲ್ಲ ಎಂದರು. ಏಳನೆಯ ತಿರುವಿನ ಮೊದಲು ನಾಲ್ಕನೇ ಪಿಸ್ಟನ್ನಿನ ಅಂಚು ಒಡೆಯಿತು. ಒಳಗಿನ ಒತ್ತಡಕ್ಕೆ ಎಣ್ಣೆಯೆಲ್ಲ ಉಸಿರುಕೊಳವೆಯಿಂದ ಹೊರಗೆ ಚಿಮ್ಮಿ ಮುಂದಿನ ಚಕ್ರದಡಿ ಬಿತ್ತು. ಕಾರು ತಿರುಗಲಿಲ್ಲ, ನೇರ ಹೋಗಿ ಕಲ್ಲಿನ ತಡೆಗೋಡೆಗೆ ಬಡಿಯಿತು. ಪೆಡಲುಗಳಿದ್ದ ಭಾಗ ಒಳಗೆ ಮಡಚಿಕೊಂಡಿತ್ತು. ಕತ್ತರಿಸಿ ಹೊರತೆಗೆಯಲು ಐವತ್ತು ನಿಮಿಷ ಬೇಕಾಯಿತು. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ಅಳಿಯನ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಬೀದಿಯವರು ಮರುಗಿದರು. ಮರುಗಿ ಮುಗಿದ ಮೇಲೆ ದೊಣ್ಣೆ ಯಾರದ್ದು ಎಂದು ಹುಡುಕಿದರು. ಕಿವಿ ಮೇಸ್ತ್ರಿ ಕೇಳಿ ಒಪ್ಪಿದ ಇಂಜಿನ್. ಅಂದ ಮೇಲೆ ತಪ್ಪು ಲೋಹದ್ದೇ. ಪಿಸ್ಟನ್ ನಕಲಿ ಎಂದರು ಕೆಲವರು. ಲೇತ್‌ನವನು ಬೋರ್ ಬಿಗಿಮಾಡಿ ಕೆಡಿಸಿದ ಎಂದರು ಉಳಿದವರು. ಅವನ ಅಂಗಡಿಯ ಮುಂದೆ ಸರದಿಗೆ ಇಟ್ಟಿದ್ದ ಎರಡು ಬ್ಲಾಕುಗಳನ್ನು ಅದೇ ವಾರ ಗಿರಾಕಿಗಳು ಮಾತಿಲ್ಲದೆ ವಾಪಸು ಒಯ್ದರು.

ಲೇತ್‌ನವನು ಆಸ್ಪತ್ರೆಗೆ ಬಂದಾಗ ಸಿಲಿಂಡರ್ ಅಳೆದಿದ್ದ ಮೈಕ್ರೋಮೀಟರಿನ ಮರದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಹಾಸಿಗೆಯ ಪಕ್ಕ ನಿಂತು, "ಇದನ್ನ ಎರಡು ಕಡೆ ಪರೀಕ್ಷೆ ಮಾಡಿಸ್ದೆ, ಸರಿಯಾಗೇ ತೋರಿಸುತ್ತೆ. ಹಾಗಾದ್ರೆ ನನ್ನ ಕೈಯೇ ತಪ್ಪಿರಬೇಕು. ವಯಸ್ಸಾಯ್ತಲ್ಲಪ್ಪಾ. ಕ್ಷಮಿಸಿಬಿಡು" ಎಂದ.

ಅಳಿಯ, "ನಿಮ್ಮನ್ನ ಅನ್ನಲ್ಲ. ಆದ್ರೆ ನಾಳೆ ಇನ್ನೊಬ್ಬರಿಗೆ ಹೀಗಾಗಬಾರದು. ಕ್ಲಬ್ಬಿನವರು ಕೇಳಿದಾರೆ, ತಪ್ಪು ಪಿಸ್ಟನ್ನು-ಬೋರಿಂದು ಅಂತ ಬರೆದುಕೊಡ್ತೀನಿ" ಎಂದ.

"ಬರಿ. ಬರೀಬೇಕಾದ್ದೇ." ಲೇತ್‌ನವನು ಮೇಸ್ತ್ರಿಯ ಕಡೆ ತಿರುಗಿದ. "ನೀನೇ ಹೇಳೋ. ಎಲ್ಲಿ ತಪ್ಪಿದೆ ನಾನು?"

ಮೇಸ್ತ್ರಿ ಕಿಟಕಿಯ ಬಳಿ ಕೂತಿದ್ದರು. ಗೆಳೆಯನದು ದಪ್ಪ ದನಿ. ಅಂಥ ದನಿಯ ಒಂದಕ್ಷರವೂ ಅವರಿಗೆ ತಪ್ಪುತ್ತಿರಲಿಲ್ಲ. ಅವರು ಹೊರಗೆ ನೋಡುತ್ತಲೇ ಇದ್ದರು. ಕೇಳಿಸಲಿಲ್ಲವೇನೋ ಎಂದುಕೊಂಡು ಲೇತ್‌ನವನು ಮತ್ತೆ ಕೇಳದೆ ಪೆಟ್ಟಿಗೆ ಎತ್ತಿಕೊಂಡು ಹೋದ. ಜಾಣಕಿವುಡು ಎಂದು ಮನೆಯಲ್ಲಿ ಅಷ್ಟು ದಿನ ಅನ್ನಿಸಿಕೊಂಡವರು ಅದನ್ನು ನಿಜವಾಗಿ ಮಾಡಿದ್ದು ಆ ದಿನ.

ಜಜ್ಜಿದ ಕಾರು ಶೆಡ್ಡಿನ ಹಿಂದೆ ಟಾರ್ಪಾಲಿನಡಿ ಮೂರು ವಾರ ಬಿದ್ದಿತ್ತು. ಒಂದು ಬೆಳಗ್ಗೆ, ಮಗಳು ಆಸ್ಪತ್ರೆಗೆ ಹೋದ ಮೇಲೆ, ಮೇಸ್ತ್ರಿ ಇಂಜಿನ್ ಇಳಿಸಿ ಬಿಚ್ಚಿದರು. ನಾಲ್ಕನೇ ಪಿಸ್ಟನ್ನಿನ ಅಂಚು ಇರಲಿಲ್ಲ, ಅದು ನಿರೀಕ್ಷಿಸಿದ್ದೇ. ಅವರು ನೋಡಬೇಕಾಗಿದ್ದದ್ದು ಒಡೆಯದೆ ಉಳಿದ ಮೂರನ್ನು. ಮೂರರ ತಲೆಯ ಅಂಚೂ ಗೆದ್ದಲು ತಿಂದ ಹಾಗೆ ಸಣ್ಣಗೆ ಕೊರೆದುಹೋಗಿತ್ತು. ಅದು ನಾಕಿಂಗ್ ಬಿಟ್ಟು ಬೇರೆ ಯಾವುದೂ ಮಾಡದ ಗುರುತು. ಬೋರ್ ಬಿಗಿಯಾಗಿದ್ದರೆ ಪಿಸ್ಟನ್ನಿನ ಪಕ್ಕಗಳು ಉಜ್ಜಿ ಗೀರುಬೀಳಬೇಕಿತ್ತು. ಪಕ್ಕಗಳು ಹಾಕಿದ ದಿನದ ಹಾಗೆಯೇ ಇದ್ದವು. ಸಿಲಿಂಡರಿನ ಗೋಡೆಯಲ್ಲಿ ಲೇತ್‌ನವನು ಎಳೆದ ಅಡ್ಡಗೆರೆಗಳು ಇನ್ನೂ ಮಾಸಿರಲಿಲ್ಲ. ಅವನ ಅಂಕಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಇದನ್ನು ಓದಬಲ್ಲ ಕಣ್ಣು ಬೀದಿಯಲ್ಲಿ ಹೆಚ್ಚಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಗುಜರಿಯ ಗಾಡಿ ಬರುವ ದಿನ ಅದು. ಬಿಚ್ಚಿದ್ದನ್ನೆಲ್ಲ ಅಲ್ಯೂಮಿನಿಯಂ ರಾಶಿಗೆ ಎಸೆದಿದ್ದರೆ ಸಂಜೆಯೊಳಗೆ ಕರಗಿಹೋಗುತ್ತಿತ್ತು. ಗಾಡಿ ಬಂತು. ಮೇಸ್ತ್ರಿ ಬೇರೆ ತುಂಡುಗಳನ್ನೆಲ್ಲ ಕೊಟ್ಟು ಪಿಸ್ಟನ್ನುಗಳನ್ನು ಇಟ್ಟುಕೊಂಡರು. ಎರಡನೇ ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ, ಬಸ್ಸು ಹತ್ತಿ ಆಸ್ಪತ್ರೆಗೆ ಹೋದರು.

ಹಾಸಿಗೆಯ ಹೊದಿಕೆಯ ಮೇಲೆ, ಕಾಲು ಇರಬೇಕಾಗಿದ್ದ ಕಡೆ ಖಾಲಿಯಿದ್ದ ಜಾಗದಲ್ಲಿ ಅದನ್ನಿಟ್ಟರು. ಅಳಿಯ ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಅವನೂ ಅದೇ ಶೆಡ್ಡಿನಲ್ಲಿ ಕಲಿತವನು.

"ಇದು ಒಡೆದಿದ್ದಲ್ವಲ್ಲ."

"ಎರಡನೇದು. ಒಡೆಯದ ಮೂರೂ ಹೀಗೇ ಇವೆ."

ಅಳಿಯ ಹೆಬ್ಬೆರಳಿನಿಂದ ಅಂಚು ಸವರಿದ. "ನೀವು ಕೇಳಿದ್ರಲ್ಲ ಮಾವ" ಎಂದ.

"ಕೇಳಿಸ್ಲಿಲ್ಲ."

"ಅಂದ್ರೆ?"

"ಆ ಸದ್ದು ನನಗೆ ಕೇಳಿಸಲ್ಲ. ಒಂದು ವರ್ಷದ ಮೇಲಾಯ್ತು. ಎರಡೂ ಕಿವಿ."

ಪಕ್ಕದ ಹಾಸಿಗೆಯವನು ಕೆಮ್ಮಿದ. ನರ್ಸ್ ಬಂದು ಬಾಟಲಿ ಬದಲಾಯಿಸಿ ಹೋದಳು.

"ಐದು ಸಲದಲ್ಲಿ ಒಂದ್ಸಲನೂ ಏನೂ ಗೊತ್ತಾಗ್ಲಿಲ್ವಾ?"

"ನಾಲ್ಕನೇ ಸಲ ದವಡೆಗೆ ಏನೋ ಜುಂ ಅಂತ ತಾಗ್ದ ಹಾಗಾಯ್ತು."

"ಬೆರಳು ಎತ್ತಬಹುದಿತ್ತಲ್ಲ."

"ಎತ್ತಿದ್ರೆ, ಹೇಗೆ ಕೇಳಿಸ್ತು, ಎಷ್ಟು ಸಲ ಕೇಳಿಸ್ತು ಅಂತ ನೀನು ಕೇಳ್ತಿದ್ದೆ. ಏನು ಹೇಳ್ಲಿ?"

ಅಳಿಯ ಪಿಸ್ಟನ್ನನ್ನು ಹೊದಿಕೆಯ ಮೇಲೆ ಇಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಮಗಳನ್ನು ಇಬ್ಬರೂ ನೋಡಿರಲಿಲ್ಲ. ಅವಳು, "ನನಗೂ ಗೊತ್ತಿತ್ತು" ಎಂದಳು.

ಗೋಡೆಯ ಕಡೆಯಿಂದ ಅವನು, "ಡಬ್ಬಿ ಅಲ್ಲಿಡಿ. ಇಬ್ಬರೂ ಹೋಗಿ" ಎಂದ. ಹೆಂಡತಿಗೆ ಅವನು ಬಹುವಚನ ಬಳಸಿದ್ದು ಅದೇ ಮೊದಲು.

ಮಾರನೆಯ ದಿನ ಮೇಸ್ತ್ರಿ ಆ ಪಿಸ್ಟನ್ ಹಿಡಿದುಕೊಂಡು ಹದಿನೇಳು ಶೆಡ್ಡಿಗೂ ಹೋದರು. ಪ್ರತಿ ಕಡೆ ಅದೇ ನಾಲ್ಕು ಮಾತು: ಬೋರ್ ಸರಿ ಇತ್ತು, ಪಿಸ್ಟನ್ ಸರಿ ಇತ್ತು, ನನಗೆ ಕೇಳಿಸುತ್ತಿರಲಿಲ್ಲ, ಹೇಳಲಿಲ್ಲ. ಕೆಲವರು ಕೂರಿ ಎಂದರು, ಅವರು ಕೂರಲಿಲ್ಲ. ಕೊನೆಗೆ ಎದುರಿನ ಲೇತ್ ಅಂಗಡಿಗೆ ಹೋದರು. ಲೇತ್‌ನವನು ಯಂತ್ರ ನಿಲ್ಲಿಸಿ, ಪಿಸ್ಟನ್ ತೆಗೆದುಕೊಂಡು, ಮ್ಯಾಗ್ನಿಫೈಯರ್ ಹಾಕಿ, ಪಕ್ಕಗಳನ್ನು ಸುತ್ತ ನೋಡಿದ.

"ಆವತ್ತು ಆಸ್ಪತ್ರೇಲಿ ನಾನು ಕೇಳಿದ್ದು ನಿನಗೆ ಕೇಳಿಸ್ತಾ?"

"ಕೇಳಿಸ್ತು."

ಅವನು ಪಿಸ್ಟನ್ನನ್ನು ವಾಪಸು ಕೊಟ್ಟು ಯಂತ್ರ ಶುರುಮಾಡಿದ. ಆಮೇಲೆ ಐದು ತಿಂಗಳು ರಸ್ತೆ ದಾಟಿ ಈಚೆ ಬರಲಿಲ್ಲ.

ಕಿವಿಯ ಪರೀಕ್ಷೆಯನ್ನು ಮಗಳೇ ಮಾಡಿಸಿದಳು. ವೈದ್ಯೆ ತೋರಿಸಿದ ಕಾಗದದಲ್ಲಿ ಗೆರೆ ಎಡದಿಂದ ಅರ್ಧದಷ್ಟು ದೂರ ನೆಟ್ಟಗೆ ಬಂದು, ಅಲ್ಲಿಂದ ಬಾವಿಗೆ ಇಳಿದಂತೆ ಕೆಳಗೆ ಬೀಳುತ್ತಿತ್ತು. ಇಂಜಿನ್ನುಗಳ ನಡುವೆ ಬದುಕಿದವರ ಕಿವಿ ಹೀಗೇ ಹೋಗುತ್ತದೆ, ಮೊದಲು ಹೋಗುವುದು ತೆಳು ಸದ್ದುಗಳೇ ಎಂದರು ಅವರು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಯಂತ್ರ ಅಡುಗೆಮನೆಯ ಕಪಾಟಿನಲ್ಲಿ ಲೋಟಗಳ ಪಕ್ಕದಲ್ಲಿದೆ. ಮೇಸ್ತ್ರಿ ಅದನ್ನು ಎರಡು ಸಲ ಹಾಕಿಕೊಂಡು ತೆಗೆದಿಟ್ಟರು.

ಅಳಿಯ ಈಗ ಕೃತಕ ಕಾಲಿನಲ್ಲಿ ಓಡಾಡುತ್ತಾನೆ. ಶೆಡ್ಡಿನ ಮುಂದಿನ ಮೇಜು ಅವನದು. ಬೇರೆಯವರ ಗಾಡಿಗಳ ಕಿಡಿಯನ್ನು ಸೆನ್ಸರ್ ನೋಡಿಕೊಂಡು ಹೊಂದಿಸಿಕೊಡುತ್ತಾನೆ. ಗಂಡ ಹೆಂಡತಿಯ ನಡುವೆ ಮಾತಿದೆ; ಕೆಲಸದ್ದೇ ಹೆಚ್ಚು. ಮಾವನ ಹತ್ತಿರ ಅದೂ ಕಡಿಮೆ. ತಮಾಷೆ ಇಲ್ಲ.

ಬಿಳಿ ಕಾರನ್ನು ಮಾರಬೇಕೆಂದರೆ ಅದು ಓಡಬೇಕು. ಮೂತಿ ನೆಟ್ಟಗೆ ಮಾಡಿಸಿ, ಗುಜರಿಯಲ್ಲಿ ಇನ್ನೂ ಕೂತಿದ್ದ ಆ ಟರ್ಬೊ ಇಂಜಿನ್ನನ್ನೇ ಕಡೆಗೆ ತಂದರು. ಚೌಕಟ್ಟು ಕತ್ತರಿಸಿ ಹೊಸ ಆಧಾರ ಕೂರಿಸಲು ಲೇತ್‌ನವನೇ ಬೇಕಾಯಿತು. ಮಗಳು ಹೋಗಿ ಕರೆದಳು, ಬಂದ. ಎರಡು ದಿನ ಅವನೂ ಮೇಸ್ತ್ರಿಯೂ ಒಂದೇ ಬಾನೆಟ್ಟಿನಡಿ ಬಗ್ಗಿ ಕೆಲಸ ಮಾಡಿದರು. ಪಾನಾ ಕೊಡು, ದೀಪ ಹಿಡಿ, ಅಷ್ಟೇ ಮಾತು. ಇಂಜಿನ್ ಒಳಗೆ ಏನಿದೆಯೋ ಯಾರಿಗೆ ಗೊತ್ತು ಎಂದು ಮೇಸ್ತ್ರಿ ಅಂದಿದ್ದರಲ್ಲ, ಬಿಚ್ಚಿ ನೋಡಿದರು. ಒಳಗೆ ಎಲ್ಲ ಚೆನ್ನಾಗಿತ್ತು.

ಕೊನೆಯಲ್ಲಿ ನಾಕ್ ಸೆನ್ಸರ್ ಬಿಗಿಯುವುದು ಉಳಿಯಿತು. ಅದರ ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿಯಬೇಕು. ಹೆಚ್ಚಾದರೂ ಕಡಿಮೆಯಾದರೂ ಅದು ಕಿವುಡಾಗುತ್ತದೆ. ಅದಕ್ಕೆಂದೇ ಇರುವ ಪಾನಾ, ಗೊತ್ತುಮಾಡಿದಷ್ಟು ಬಿಗಿಯಾದೊಡನೆ ಟಿಕ್ ಎನ್ನುತ್ತದೆ. ದೊಡ್ಡ ಬೋಲ್ಟುಗಳಲ್ಲಿ ಆ ಟಿಕ್ ಅಂಗೈಗೆ ಹೊಡೆದು ಹೇಳುತ್ತದೆ. ಇಂಥ ಸಣ್ಣ ಬೋಲ್ಟಿನಲ್ಲಿ ಕೈಗೆ ತಿಳಿಯುವುದು ಕಷ್ಟ, ಕಿವಿಗೇ ತಿಳಿಯಬೇಕು.

ಮಗಳು ಪಾನಾವನ್ನು ಅಪ್ಪನ ಕೈಗೆ ಕೊಟ್ಟಳು. ಅಳಿಯ ಮೇಜಿನ ಹಿಂದಿನಿಂದ ನೋಡುತ್ತಿದ್ದ, ಬೇಡ ಎನ್ನಲಿಲ್ಲ. ಮೇಸ್ತ್ರಿ ಬಗ್ಗಿ ನಿಧಾನವಾಗಿ ಎಳೆದರು. ಪಾನಾ ಟಿಕ್ ಎಂದಿತು. ಅವರು ಎಳೆಯುತ್ತಲೇ ಇದ್ದರು.

ಲೇತ್‌ನವನು ಅವರ ಮಣಿಕಟ್ಟಿನ ಮೇಲೆ ಕೈಯಿಟ್ಟ. "ಆಯ್ತು ಬಿಡೋ. ಟಿಕ್ ಅಂದಾಯ್ತು ಅದು."

ಮೇಸ್ತ್ರಿ ಎಳೆಯುವುದನ್ನು ಬಿಟ್ಟರು. ಬೋಲ್ಟನ್ನು ಎರಡು ಸುತ್ತು ಸಡಿಲಿಸಿ, ಪಾನಾವನ್ನು ಗೆಳೆಯನ ಕೈಗೆ ಕೊಟ್ಟು, ಹಿಂದಿನ ಬೆಂಚಿಗೆ ಹೋಗಿ ಕೂತರು.